ಗೋಕರ್ಣದಲ್ಲಿ ಐದು ಕಲ್ಲು

ಗೋಕರ್ಣದ ಮರಳ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಪ್ಯಾಂಟು ಮೊಣಕಾಲಿನ ತನಕ ತೊಯ್ದಿದೆ. ಮಾಸೂರಿನ ನನ್ನ ದೊಡ್ಡವ್ವ ನೀಲವ್ವ ಇಂದು ಮೊದಲ ಸಲ ಸಮುದ್ರ ನೋಡಿದಳು. ನೋಡಿದಳೇ ಹೊರತು ನೀರಿಗಿಳಿಯಲು ಒಪ್ಪಲಿಲ್ಲ.

"ಪೂಜಾ ಮಾಡದ ಹೆಂಗ ಕಾಲಿಡ್ಲಿ? ಉಣ್ಣಾಕ ಕೊಟ್ಟಾಕಿ ಗಂಗವ್ವ."

ನಮ್ಮ ಕಡೆ ನೀರಿನ ದಂಡೆಗೆ ಹೋಗುವುದು ಬಟ್ಟೆ ಒಗೆಯಲು, ದನ ತೊಳೆಯಲು, ಇಲ್ಲವೇ ಗಂಗವ್ವನ ಪೂಜೆಗೆ. ಸುಮ್ಮನೆ ಕೂರಲು ಯಾರೂ ಹೋಗುವುದಿಲ್ಲ. ದೊಡ್ಡವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಗಂಗವ್ವನೆಂದು ಪೂಜಿಸಲು ಊರಿನ ಮದಗದ ಕೆರೆಯಿಂದ ಆರಿಸಿ ತಂದ ಐದು ಕಲ್ಲುಗಳಿದ್ದವು.

"ಇಲ್ಲಿ ಸಿಗ್ತಾವೋ ಇಲ್ಲೋ ಅಂತ ತಂದೇನಿ."

ಕೆರೆಯಲ್ಲಿ ಇಡುವಂತೆಯೇ ನೀರಿನ ಅಂಚಿಗೆ ಕಲ್ಲು ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಹಸಿರು ಖಣ ಏರಿಸಿ, ಕಡುಬಿನ ಎಡೆ ಹಿಡಿದಳು. ಕೆರೆಯ ಅಂಚು ಇದ್ದಲ್ಲೇ ಇರುತ್ತದೆ, ಸಮುದ್ರದ್ದು ಹಾಗಲ್ಲ ಎಂದು ನಾನು ಹೇಳುವಷ್ಟರಲ್ಲಿ ತೆರೆಯೊಂದು ಬಂದು ಖಣ, ಕಡುಬು, ಕಲ್ಲು ಎಲ್ಲವನ್ನೂ ಎಳೆದುಕೊಂಡು ಹೋಯಿತು. ನಾನು ಹಿಂದೆಯೇ ಓಡಿದೆ. ಕೈಗೆ ಏನೂ ಸಿಗಲಿಲ್ಲ. ಅಳುತ್ತಾಳೇನೋ ಎಂದುಕೊಂಡು ತಿರುಗಿದರೆ, ದೊಡ್ಡವ್ವ ಕೈ ಮುಗಿದು ನಗುತ್ತಿದ್ದಳು.

"ಇಷ್ಟು ವರ್ಷ ಕೆರಿ ದಂಡ್ಯಾಗ ನಾನ ಇಟ್ಟು ನಾನ ಎದ್ದು ಬರ್ತಿದ್ದೆ, ತಮ್ಮಾ. ಇಕಿ ತಾನ ಎದ್ದು ಬಂದು ಇಸ್ಕೊಂಡ್ಳು ನೋಡು."

ಆಮೇಲೆ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಕರೆದವರ ಮನೆಗೆ ಹೋಗುವವಳಂತೆ ನೀರಿನೊಳಗೆ ನಡೆದಳು.