ಕಡೀಕ ಒಪ್ಪೂದ ಐತಿ

ನನ್ನಪ್ಪನ ಎರಡೂ ಕಿವಿ ಮುದ್ದೆಯಾಗಿವೆ. ಹರೆಯದಲ್ಲಿ ಕುಸ್ತಿ ತಾಲೀಮಿನ ಮಣ್ಣಲ್ಲಿ ಹೊರಳಾಡಿ, ಎದುರಾಳಿಗಳಿಂದ ತಿಕ್ಕಿಸಿಕೊಂಡು ಆದದ್ದು. ನಮ್ಮೂರು ಭೋಜದ ಸುತ್ತಮುತ್ತ ಈಗಲೂ ಅವನನ್ನು ಪೈಲವಾನ ಅಂತಲೇ ಕರೆಯುತ್ತಾರೆ. ಇಂಥ ಮನುಷ್ಯ ಪ್ರತಿ ರವಿವಾರ ಮಧ್ಯಾಹ್ನ ಎಮ್ಮೆಗಳಿಗೆ ಮೇವು ಹಾಕಿ ಬಂದು, ಟೀವಿ ಮುಂದೆ ಚಕ್ಕಳಬಕ್ಕಳ ಹಾಕಿ ಕೂತು, ಮರಾಠಿಯ ಮದುವೆ ಸಿನಿಮಾ ನೋಡುತ್ತ ಟಾವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾನೆ. ಮೊದಲು ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಈಗ ಕೇಳದವರನ್ನೂ ಕರೆದು ಹೇಳುತ್ತೇನೆ.

ಆ ಸಿನಿಮಾಗಳು ನಿಮಗೂ ಗೊತ್ತು. ಹಂದರ ಹಾಕಿರುತ್ತದೆ, ಹುಡುಗಿಗೆ ಮನಸ್ಸಿರುವುದು ಬೇರೊಬ್ಬನ ಮೇಲೆ. ಉಂಗುರ ಸಿಹಿ ಶಿರಾದ ಪಾತ್ರೆಗೆ ಬೀಳುತ್ತದೆ, ಒಬ್ಬ ಕಾಕಾ ತಪ್ಪು ಕೋಣೆಗೆ ನುಗ್ಗುತ್ತಾನೆ, ಇನ್ನೇನು ಅಕ್ಕಿಕಾಳು ಬೀಳಬೇಕು ಅನ್ನುವಾಗ ಯಾರೋ ಓಡಿ ಬರುತ್ತಾರೆ. ಹುಡುಗಿಯ ಅಪ್ಪ ಮೀಸೆ ತಿರುವಿ ಆಗದು ಅನ್ನುತ್ತಾನೆ, ಕೊನೆಗೆ ಮೂಗು ಸೀನಿಕೊಂಡು ಆಗಲಿ ಅನ್ನುತ್ತಾನೆ. ನನ್ನಪ್ಪ ಶುರುವಿನ ಹೆಸರುಗಳು ಬೀಳುವ ಹೊತ್ತಿಗೇ ಇಷ್ಟನ್ನೂ ಹೇಳಿ ಮುಗಿಸುತ್ತಿದ್ದ. ಒಂದೂ ಸುಳ್ಳಾಗುತ್ತಿರಲಿಲ್ಲ.

ಅವ್ವ ಅಥಣಿ ಕಡೆಯವಳು, ಮರಾಠಿ ಅವಳಿಗೆ ಅರ್ಧಂಬರ್ಧ. ಪಕ್ಕದಲ್ಲಿ ಶೇಂಗಾ ಒಡೆಯುತ್ತ, ಎಲ್ಲಾ ಗೊತ್ತಿದ್ದ ಮ್ಯಾಲ ನೋಡೂದ್ಯಾಕ್ರಿ ಅಂತ ಕೆಣಕುತ್ತಿದ್ದಳು. ಅಪ್ಪನ ಉತ್ತರ ಕುಸ್ತಿಯದು. ಕಣಕ್ಕೆ ಇಳಿದ ಕೂಡಲೇ ಗೆಲ್ಲುವವನು ಯಾರು ಅಂತ ಬಲ್ಲವರಿಗೆ ತಿಳಿಯುತ್ತದಂತೆ. ಯಾವ ಪಟ್ಟು ಹಾಕಿ ಗೆಲ್ಲುತ್ತಾನೆ ಅಂತ ನೋಡಲಿಕ್ಕೇ ಜನ ಬಿಸಿಲಲ್ಲಿ ಕೂರುವುದಂತೆ. ಅವನು ಸಿಟ್ಟಾಗುತ್ತಿದ್ದದ್ದು ಒಂದೇ ಕಡೆ, ಹುಡುಗಿಯ ಅಪ್ಪ ಹಟ ಹಿಡಿದಾಗ. ಟೀವಿಗೆ ಕೈ ತೋರಿಸಿ ಬೈಯುತ್ತಿದ್ದ.

"ಕಡೀಕ ಒಪ್ಪೂದ ಐತಿ. ಈಗ ಒಪ್ಪಿ ಬಿಡಪಾ. ಹುಡುಗೀನ ಸುಮ್ನ ಯಾಕ ಅಳಸ್ತಿ?"

ನಾನಾಗ ನಾಲ್ಕು ದಪ್ಪ ಪುಸ್ತಕ ಓದಿ ನೆಲ ಬಿಟ್ಟು ಗೇಣು ಮೇಲೆ ನಡೆಯುತ್ತಿದ್ದೆ. ಬದುಕು ಹೀಗೆಲ್ಲ ಮುಗಿಯುವುದಿಲ್ಲಪ್ಪ ಅಂತ ಪೈಲವಾನನಿಗೇ ಪಾಠ ಹೇಳುತ್ತಿದ್ದೆ. ಅವನು ನಕ್ಕು ಟೀವಿಯ ದನಿ ಹೆಚ್ಚಿಸುತ್ತಿದ್ದ.

ನಿಪ್ಪಾಣಿಯ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅದೇ ಶಾಲೆಯ ಗಣಿತದ ಮಾಸ್ತರರೊಬ್ಬರ ಮೇಲೆ ಮನಸ್ಸಾಯಿತು. ಅವರ ಊರು ಗಡಿಯಾಚೆ, ಮನೆಮಾತು ಮರಾಠಿ. ಜಾತಿ ಅಡ್ಡ ಬರುವಂತಿರಲಿಲ್ಲ, ಮಾತು ಅಡ್ಡ ಬಂತು. ಮರಾಠಿ ಮಾತಲ್ಲ, ಅಪ್ಪ ಕೊಟ್ಟಿದ್ದ ಮಾತು. ನಾನು ತೊಟ್ಟಿಲಲ್ಲಿದ್ದಾಗಲೇ ಅವನು ಜುಗೂಳದಲ್ಲಿರುವ ತಂಗಿಗೆ, ನಿನ್ನ ಮಗನಿಗೆ ಇವಳೇ, ಇವಳು ನಿನ್ನ ಸೊಸೆ ಅಂದುಬಿಟ್ಟಿದ್ದ. ಸೋದರತ್ತೆ ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಸೊಸಿ ಅಂತಲೇ ಕರೆದಳು. ಅಪ್ಪನಿಗಿರುವುದು ಅವಳೊಬ್ಬಳೇ ತಂಗಿ. ಕೊಟ್ಟ ಮಾತಿಗೆ ಅವನು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಹೇಳದೆ ವಿಧಿಯಿರಲಿಲ್ಲ, ಅತ್ತೆ ಆಗಲೇ ಮುಹೂರ್ತ ಕೇಳಿಸುತ್ತಿದ್ದಳು. ಒಂದು ರವಿವಾರ, ಸಿನಿಮಾದ ಅಪ್ಪ ಆಗದು ಅಂದ ಗಳಿಗೆಯಲ್ಲೇ ಹೇಳಿಬಿಟ್ಟೆ. ಉಪಾಯ ಮಾಡಿದೆ ಅಂತ ಈಗ ಜಂಬ ಕೊಚ್ಚಬಹುದು. ನಿಜವೆಂದರೆ ಹೆದರಿಕೆ ತಡೆಯಲಾರದೆ ಬಾಯಿಗೆ ಬಂದದ್ದು.

ಅವ್ವನ ಕೈಯಲ್ಲಿ ಶೇಂಗಾ ನಿಂತಿತು. ಅಪ್ಪ ರಿಮೋಟ್ ಹುಡುಕಿ ದನಿ ಪೂರ್ತಿ ಅಡಗಿಸಿದ. ಟೀವಿಯಲ್ಲಿ ಆ ಅಪ್ಪ ಬಾಯಷ್ಟೇ ಆಡಿಸುತ್ತಿದ್ದ. ನನ್ನಪ್ಪ ಎದ್ದು ಹೋಗಿ ಎಮ್ಮೆಗಳಿಗೆ ನೀರು ಕುಡಿಸಿದ. ಮತ್ತೆ ಬಂದು ಕೂತು, ಆ ಹುಡುಗ ಕುಡಿಯುತ್ತಾನೇನು ಅಂತ ಕೇಳಿದ. ಇಲ್ಲ ಅಂದೆ. ಆಮೇಲೆ ಟೀವಿ ಆರಿಸಿದ. ಮದುವೆ ಆಗುವ ಮೊದಲೇ ಅವನು ಸಿನಿಮಾ ಬಿಟ್ಟೆದ್ದದ್ದು ನಾನು ಕಂಡಂತೆ ಅದೊಂದೇ ಸಲ.

"ಕಡೀಕ ಒಪ್ಪೂದ ಐತಿ ಮಗಳ," ಅಂದ. "ಈಗ ಒಪ್ಪೇನಿ. ಅಳಬ್ಯಾಡ, ಚಪ್ಪಲ್ ಹಾಕೋ. ಜುಗೂಳಕ್ಕ ಹೋಗಿ ಬರೂಣು."

ಮೋಟಾರ್‌ಸೈಕಲ್ಲಿನ ಹಿಂದೆ ಕೂತು ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತ ಹೋದೆ. ಒಂದು ಕುಸ್ತಿಯಲ್ಲೂ ಮಣ್ಣು ಮುಟ್ಟದ ಬೆನ್ನು ಅದು, ಊರಿನವರು ಇಂದಿಗೂ ಕೊಂಡಾಡುತ್ತಾರೆ. ಅತ್ತೆ ಖುಷಿಯಿಂದ ಚಹಾಕ್ಕೆ ಇಟ್ಟಳು. ಅಪ್ಪ ಕೂರಲಿಲ್ಲ. ತಲೆಯ ಟೋಪಿ ತೆಗೆದು ಅವಳ ಮುಂದೆ ಹಿಡಿದ.

"ಮಾತು ಕೊಟ್ಟಾಂವ ನಾ, ಇಕಿ ಅಲ್ಲ. ತೊಟ್ಟಿಲದಾಗಿನ ಕೂಸಿನ್ನ ಕೇಳದ ಕೊಟ್ಟೆ. ಇವತ್ತ ನಿಮ್ಮಣ್ಣ ಚಿತ್ ಆದಾ ಅಂತ ತಿಳಕೋ."

ಅತ್ತೆ ಒಲೆ ಆರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಚಹಾ ಇಲ್ಲದೆ ತಿರುಗಿ ಬಂದೆವು. ನನಗೆ ತಪ್ಪು ಮಾಡಿದೆ ಅನ್ನಿಸುತ್ತಿತ್ತು, ಆದರೆ ಅಷ್ಟೇ ಹೆಮ್ಮೆಯೂ ಆಗುತ್ತಿತ್ತು. ಅವನು ಗೆದ್ದ ಕುಸ್ತಿಗಳನ್ನು ನಾನು ನೋಡಿಲ್ಲ. ಸೋತದ್ದನ್ನು ನೋಡಿದ್ದೇನೆ, ನನಗೆ ಅದು ಸಾಕು.

ಆರು ತಿಂಗಳು ಅತ್ತೆ ಫೋನ್ ಎತ್ತಲಿಲ್ಲ. ನಾಗರ ಪಂಚಮಿಗೆ ತವರಿಗೆ ಬರಲಿಲ್ಲ. ಅವ್ವ ಕಣ್ಣೀರು ಹಾಕಿದರೆ ಅಪ್ಪ, ಇದು ಇಂಟರ್ವಲ್ ಅಷ್ಟ ಐತಿ ಅನ್ನುತ್ತಿದ್ದ. ಅನ್ನುವಾಗ ಮುಖ ನಮ್ಮ ಕಡೆ ಇರುತ್ತಿರಲಿಲ್ಲ. ಲಗ್ನಪತ್ರಿಕೆಯನ್ನು ತಾನೇ ಒಯ್ದು ಅವಳ ಕಟ್ಟೆಯ ಮೇಲಿಟ್ಟು ಬಂದ.

ಚಿಕ್ಕೋಡಿಯ ಮಂಗಲ ಕಾರ್ಯಾಲಯದಲ್ಲಿ ಮದುವೆ. ಅಂತರಪಟದ ಹಿಂದೆ ನಿಂತು ನಾನು ನೋಡುತ್ತಿದ್ದದ್ದು ಬಾಗಿಲಲ್ಲಿ ನಿಂತ ಅಪ್ಪನನ್ನು. ಮಂಗಲಾಷ್ಟಕ ಶುರುವಾಯಿತು. ಅವ್ವ ಕರೆದರೂ ಅವನು ಅಲ್ಲಿಂದ ಸರಿಯಲಿಲ್ಲ. ಅಕ್ಕಿಕಾಳು ಬಿದ್ದವು. ಯಾರೂ ಓಡಿ ಬರಲಿಲ್ಲ. ಬದುಕು ಹೀಗೆಲ್ಲ ಮುಗಿಯುವುದಿಲ್ಲ ಅಂತ ನಾನು ಹೇಳಿದ್ದು ಸುಳ್ಳಾಗಲಿ ಅಂತ ಅವತ್ತು ಬೇಡಿಕೊಂಡೆ.

ಪಂಕ್ತಿ ಕೂರುವ ಹೊತ್ತಿಗೆ ಅತ್ತೆ ಬಂದಳು. ಬಸ್ಸು ತಪ್ಪಿತ್ತಂತೆ. ಅಣ್ಣ ಬಾಗಿಲಲ್ಲೇ ಇದ್ದರೂ ಅವನನ್ನು ದಾಟಿಕೊಂಡು ನೇರ ನನ್ನ ಹತ್ತಿರ ಬಂದು, ಸೊಸೆಗೆಂದು ವರ್ಷಗಳ ಹಿಂದೆ ತೆಗೆದಿಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ಮಡಿಲಿಗೆ ಹಾಕಿದಳು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು. ಇಂಥ ದೃಶ್ಯ ಟೀವಿಯಲ್ಲಿ ಬಂದಾಗಲೆಲ್ಲ ನಾನು ನಕ್ಕವಳು. ಅವತ್ತು ಹಚ್ಚಿದ ಕಾಡಿಗೆ ಗಲ್ಲಕ್ಕಿಳಿಯುವಷ್ಟು ನಾನೇ ಅತ್ತುಬಿಟ್ಟೆ.

ಅಪ್ಪ ನಿಧಾನವಾಗಿ ಹತ್ತಿರ ಬಂದು ನಿಂತ. ಅತ್ತೆ ಅವನತ್ತ ತಿರುಗಿದಳು.

"ನಿನ್ನ ಕೂಡ ನಾ ಮಾತಾಡಾಂಗಿಲ್ಲ," ಅಂದಳು.

ಆರು ತಿಂಗಳಲ್ಲಿ ಅವಳು ಅಣ್ಣನಿಗೆ ಆಡಿದ ಮೊದಲ ಮಾತು ಅದು. ಅಪ್ಪ ಟಾವೆಲ್ಲಿಗಾಗಿ ಹೆಗಲು ತಡಕಾಡಿದ.