ನಿಂತ ಮರ ನೋಡಲು ಹೋದ ಮಾವ

ನನ್ನ ಸೋದರಮಾವ ಮೂವತ್ತೊಂದು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದವರು. ದಿಮ್ಮಿ ಗರಗಸಕ್ಕೆ ಹೋಗುವ ಮೊದಲು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಒಳಗೆ ಗಟ್ಟಿಯೋ ಟೊಳ್ಳೋ ಎಂದು ಹೇಳಿ, ಕೊಯ್ಯಬೇಕಾದ ಕಡೆ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಅವರ ಕೆಲಸ. ಅಷ್ಟೂ ವರ್ಷಗಳ ಮರದ ಹೊಟ್ಟು ಅವರ ಎದೆಗೆ ಇಳಿದಿತ್ತು. ಮುಂದಿನ ವರ್ಷದಿಂದ ಎತ್ತರದ ಜಾಗದ ಮಾತೇ ಬೇಡ ಎಂದರು ಡಾಕ್ಟರು.

"ಹಾಗಾದ್ರೆ ಈ ವರ್ಷ ಹಳೇ ಮರಗಳಿರೋ ಬೆಟ್ಟಕ್ಕೆ ಹೋಗ್ಬಹುದು," ಎಂದರು ಮಾವ.

ಅತ್ತೆ ರೇಗಿದರು. "ಮನೆ ಮೆಟ್ಟಿಲಿಗೇ ಎರಡು ಸಲ ಕೂರ್ತೀರಿ, ಇನ್ನು ಬೆಟ್ಟ ಬೇರೆ ಕೇಡು!"

"ಅಲ್ಲಿ ಮೂರು ಸಲ ಕೂತರಾಯ್ತು ಬಿಡೆ. ಜೀವಮಾನವೆಲ್ಲಾ ಮಲಗಿದ ಮರಾನೇ ನೋಡಿದೀನಿ. ಒಂದು ಹಳೇ ಮರ ನಿಂತಿರೋದನ್ನೂ ನೋಡ್ಬೇಕು."

ಜೊತೆಗೆ ನಾನು ಹೊರಟೆ. ಬಸ್ಸು ಇಳಿದಲ್ಲಿಂದ ಎರಡು ಮೈಲಿ ಏರುದಾರಿ. ಮಾವ ಮೂರಲ್ಲ, ಹದಿನೇಳು ಸಲ ಕೂತರು. ಪ್ರತಿ ಸಲವೂ ನಾನು ಅವರ ತುಟಿ ನೀಲಿಗಟ್ಟಿತೇ ಎಂದು ನೋಡುತ್ತಿದ್ದೆ. ಅವರು ಮಾತ್ರ ಬಾಗಿ, ಕಲ್ಲಿನ ಸಂದಿಯಲ್ಲಿದ್ದ ಉಗುರಿನಷ್ಟು ಹಳದಿ ಹೂಗಳನ್ನು ನೋಡುತ್ತಿದ್ದರು.

"ಇಂಥ ಗಾಳೀಲಿ ಹೇಗೆ ಬದುಕಿದೆ ನೋಡು ಪುಟ್ಟೀ. ತಲೆ ಎತ್ತೋ ಗೋಜಿಗೇ ಹೋಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ದಿಬ್ಬದ ಮೇಲೆ ಮರಗಳು ಕಂಡವು. ಎತ್ತರವೇನಲ್ಲ. ಗಾಳಿಗೆ ತಿರುಚಿಕೊಂಡು, ಅರ್ಧ ತೊಗಟೆ ಕಳಚಿ, ಬೆಳ್ಳಗೆ ನಿಂತಿದ್ದವು. ಸಾವಿರ ವರ್ಷ ದಾಟಿವೆ ಎಂದ ಅಲ್ಲಿನ ಕಾವಲುಗಾರ. ಮಾವ ಒಂದು ಮರದ ಹತ್ತಿರ ಹೋಗಿ, ತಟ್ಟಿ, ಕಿವಿ ಇಟ್ಟು ಕೇಳಿದರು. ಆಮೇಲೆ ಕೈ ತಾನಾಗಿಯೇ ಜೇಬಿಗೆ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಂಡದ ಮೇಲೆ ನೀಲಿ ಗೆರೆ ಬಿದ್ದಿತ್ತು.

"ಏನ್ರೀ ಅದು!" ಕಾವಲುಗಾರ ಓಡಿ ಬಂದ. "ಕೊಯ್ಯೋಕೆ ಬಂದಿದೀರಾ?"

ಮಾವನ ಮುಖ ಸಪ್ಪಗಾಯಿತು. "ಕೈಗೆ ಅಭ್ಯಾಸ ಸ್ವಾಮಿ, ಅದಕ್ಕೆ ಬುದ್ಧಿ ಇಲ್ಲ. ಅಳಿಸಿಬಿಡ್ತೀನಿ."

ಕುಡಿಯಲು ಉಳಿದಿದ್ದ ನೀರಲ್ಲಿ ಟವೆಲ್ ಒದ್ದೆ ಮಾಡಿಕೊಂಡು, ನಿದ್ದೆಯಲ್ಲಿರುವ ಮಗುವಿನ ಮುಖ ಒರೆಸುವಂತೆ ಒರೆಸಿದರು. ಗೆರೆ ಹೋಯಿತು. ಕಾವಲುಗಾರನ ಸಿಟ್ಟೂ ಇಳಿಯಿತು.

"ತಟ್ಟಿದ್ರಲ್ಲ, ಒಳಗೆ ಹೇಗಿದೆ?"

"ಪೂರ್ತಿ ಟೊಳ್ಳು. ನಮ್ಮ ಮಿಲ್ಲಿಗೆ ಬಂದಿದ್ರೆ ಸೌದೆಗೆ ಹಾಕು ಅಂತಿದ್ದೆ," ಎನ್ನುತ್ತಾ ಮಾವ ಮೇಲೆ ನೋಡಿದರು. ಒಂದು ಕೊಂಬೆಯ ತುದಿಯಲ್ಲಿ ಹೊಸ ಚಿಗುರಿತ್ತು. ಬಹಳ ಹೊತ್ತು ನೋಡಿದರು. "ಹೀಗೇ ಇರೋಕೆ ಬಿಟ್ಟಿದೀರಲ್ಲ, ನಿಮಗೆ ಪುಣ್ಯ ಬರ್ಲಿ."

"ನಾನೇನು ಬಿಡೋದು, ಅದೇ ನಿಂತಿದೆ," ಎಂದು ಕಾವಲುಗಾರ ತನ್ನ ಬಾಟಲಿಯ ನೀರು ಕೊಟ್ಟ.

ಮಾವ ಬೇರಿಗೆ ಒರಗಿ ಕೂತರು. ಉಸಿರು ಮೆಲ್ಲನೆ ಹದಕ್ಕೆ ಬಂತು. ಬಸ್ಸು ತಪ್ಪುತ್ತದೆ ಎಂದೆ.

"ತಪ್ಪಲಿ ಬಿಡು ಮಗಳೇ," ಎಂದು ಕಣ್ಣು ಮುಚ್ಚಿಕೊಂಡರು. "ನಾನು ಬಂದಾಯ್ತಲ್ಲ."