ಚಿಲಕ ಕಿತ್ತ ಬಚ್ಚಲಕ್ಕೆ ಇಳಕಲ್ ಸೀರೆ

ಪಕ್ಕದ ಮನೆಯ ನನ್ನ ಗೆಳತಿ ಬಚ್ಚಲಮನೆಯಲ್ಲಿ ಜಾರಿ ಬಿದ್ದ ದಿನ ಓಣಿಯ ಗಂಡಸರು ಕಬ್ಬಿಣದ ಸಲಾಕೆಯಿಂದ ಬಾಗಿಲು ಮೀಟಬೇಕಾಯಿತು. ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಪುಣ್ಯಕ್ಕೆ ಮಣಿಕಟ್ಟು ಬಾತುಕೊಂಡದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆದರೆ ಬಾಗಿಲು ಅಲುಗಾಡತೊಡಗಿದಾಗ ಅವಳು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಗಂಡಸರನ್ನ ಹಿಂದ ಸರಸ್ರಿ ಬಾಯಾರ! ಮೊದಲ ನೀವೊಬ್ರ ಒಳಗ ಬರ್ರಿ!"

ಬಾಯಾರು ಎಂದರೆ ನಾನು, ಅವಳ ಮೇಡಮ್ಮು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳೆಂದು ಹಳೇ ಬಾಗಲಕೋಟೆಯಲ್ಲಿದ್ದಾಗಲೇ ಅವಳು ನನ್ನನ್ನು ಹಾಗೆ ಕರೆಯತೊಡಗಿದ್ದಳು. ಅವಳ ಮನೆಯವರು ಇಳಕಲ್ ಸೀರೆಯ ವ್ಯಾಪಾರಸ್ಥರು. ನಮ್ಮದು ಅದೇ ಓಣಿಯ ಎದುರು ಮನೆ. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನವನಗರದಲ್ಲಿ ಜಾಗ ಸಿಕ್ಕಾಗ ನೋಡಿದರೆ ಗೋಡೆಗೆ ಗೋಡೆ ಹತ್ತಿದ ಮನೆಗಳು. 'ವಾಟ್ ಅ ಬ್ಲೆಸಿಂಗ್' ಎಂದೆ ನಾನು. 'ಅಲ್ಲಾನ ದಯಾ' ಎಂದಳು ಅವಳು. ಅಂದಿನಿಂದ ನಮ್ಮ ಸಂಜೆಯ ಚಹಾ ಅವಳ ಕಟ್ಟೆಯ ಮೇಲೇ. ನನ್ನ ಮಗ, ಸೊಸೆ ಕೆಲಸದಿಂದ ಬರುವತನಕ, ಹೊಲಿಗೆ ಮಶಿನ್ ರಿಪೇರಿ ಮಾಡುವ ಅವಳ ಮಗ ಅಂಗಡಿ ಮುಚ್ಚಿ ಬರುವತನಕ, ಆ ಕಟ್ಟೆ ನಮ್ಮಿಬ್ಬರದು.

ಬಿದ್ದ ಸುದ್ದಿ ಕೇಳಿ ಇಳಕಲ್ಲಿಗೆ ಕೊಟ್ಟ ಅವಳ ಮಗಳು ಓಡಿ ಬಂದಳು. ಅಂಥ ಗಾಬರಿಯಲ್ಲೂ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕಟ್ಟಿಸಿಕೊಳ್ಳುವುದನ್ನು ಮರೆತಿರಲಿಲ್ಲ. ಅದನ್ನು ತಾಯಿಯ ಕೈಗಿಟ್ಟು ನಿಂತೇ ಹೇಳಿದಳು.

"ಅಮ್ಮಾ, ಆ ಚಿಲಕಾ ಕಿತ್ತಸು. ಇಲ್ಲಾಂದ್ರ ನನ್ನ ಕೂಡ ಇಳಕಲ್ಲಿಗೆ ನಡಿ. ಹಗಲೆಲ್ಲಾ ನಾ ಮನ್ಯಾಗ ಇರ್ತೇನಿ. ಇಲ್ಲಿ ನಿನ್ನ ನೋಡಾವ್ರ ಯಾರು?"

"ಚಿಲಕಾ ಇಲ್ಲದ ಬಚ್ಚಲದಾಗ ಜಳಕಾ ಮಾಡಾಕ ನಾ ಏನ್ ಎಮ್ಮೀನ?"

"ಹಂಗಾರ ಅರಿವಿ ಕಟ್ಟಿಟ್ಟಿರು. ಮುಂದಿನ ವಾರ ಕರಕೊಂಡ ಹೋಗ್ತೇನಿ."

ಮಗಳದು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ವಯಸ್ಸಿನವರಿಗೆ ಡೇಂಜರ್ ಎಂದರೆ ಕಳ್ಳಕಾಕರಲ್ಲ, ಬಹುಪಾಲು ಒದ್ದೆ ಕಲ್ಲು ಮತ್ತು ಹಾಕಿಕೊಂಡ ಬಾಗಿಲು. ಗೆಳತಿಯದೂ ತಪ್ಪೆನ್ನಲಾರೆ. ಆದರೆ ಅವಳು ಹೋದರೆ ನನ್ನ ಸಂಜೆಗಳು? ಹಳೇ ಊರಿನ ಯಾವ ಓಣಿಯಲ್ಲಿ ಯಾವ ಬೇವಿನ ಗಿಡ ಇತ್ತೆಂದು ಇನ್ನು ಯಾರೊಂದಿಗೆ ಜಗಳಾಡಲಿ? ಸೆಲ್ಫಿಶ್ ಅನ್ನಿ, ನನಗೆ ಅದೇ ಚಿಂತೆ.

ಅದೇ ವಾರ ನನ್ನ ಮೊಮ್ಮಗಳ ಶಾಲೆಯಲ್ಲಿ ಸೋಶಿಯಲ್ ಸರ್ವಿಸ್ ಮಾಡಿಕೊಂಡು ಬನ್ನಿ ಎಂದಿದ್ದರು. ಓಣಿಯ ಮಕ್ಕಳು ನನ್ನ ಗೆಳತಿಯನ್ನು ನಾನಿ ಎನ್ನುತ್ತಾರೆ. ಪಕ್ಕದ ಮನೆಯ ನಾನಿಗೆ ಏನಾದರೂ ಸಹಾಯ ಮಾಡಬಾರದೇ ಎಂದೆ. ಅವಳು ಮೂಗು ಮುರಿದಳು.

"ಗಿಡಾ ಹಚ್ಚಿದ್ರ ಫೋಟೋ ಚಂದ ಬರ್ತದ ಆಯಿ. ಬಚ್ಚಲದಾಗ ಏನ್ ಫೋಟೋ ತಗೀಲಿ?"

"ಫೋಟೋ ಇರಲಿ ಮೈ ಡಿಯರ್. ಮೊದಲ ಹೋಗಿ ನಾನಿಗೆ ಏನ್ ಬೇಕ ಕೇಳು."

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಶನಿವಾರ ಮಧ್ಯಾಹ್ನ ನಮ್ಮನ್ನು ವೃದ್ಧಾಶ್ರಮದ ಅಜ್ಜಿಯಂದಿರ ತಲೆ ಬಾಚಲು ಕರೆದೊಯ್ಯುತ್ತಿದ್ದರು. 'ಆಸ್ಕ್ ಫಸ್ಟ್, ಚೈಲ್ಡ್' ಎನ್ನುತ್ತಿದ್ದರು. ಒಬ್ಬ ಅಜ್ಜಿಯನ್ನು ಕೇಳಿದರೆ, ತನ್ನ ತಲೆ ಮುಟ್ಟಗೊಡದೆ ನನ್ನನ್ನೇ ಎಳೆದು ಕೂಡಿಸಿಕೊಂಡು ಜಡೆ ಹೆಣೆದು ಕಳಿಸಿದ್ದಳು. ಸಿಸ್ಟರ್ ಅದನ್ನೂ ಸರ್ವಿಸ್ ಎಂದೇ ಎಣಿಸಿದರು. ಆ ಮಧ್ಯಾಹ್ನಗಳು ಎಷ್ಟು ದೂರ ಸರಿದುಹೋದವು.

ಮೊಮ್ಮಗಳು ಓಣಿಯ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಹೋದಳು. ಕೇಳುವ ಮಾತು ದಾರಿಯಲ್ಲೇ ಮರೆತಿತ್ತು. ನಾನಿ ಇನ್ನೊಮ್ಮೆ ಜಾರಬಾರದೆಂದು ಬಚ್ಚಲ ಕಲ್ಲಿಗೆ ಸೋಪಿನ ಪುಡಿ ಸುರಿದು ಗಸಗಸ ತಿಕ್ಕಿದರು. ನಾನು ಹೋಗಿ ನೋಡುವುದರೊಳಗೆ ನಮ್ಮ ಲೀಡರಮ್ಮ ಅದೇ ನೊರೆಯಲ್ಲಿ ಸರ್ರೆಂದು ಜಾರಿ ಕುಂಡಿ ಊರಿ ಕೂತಿದ್ದಳು. ಗೆಳತಿ ಬಾತ ಕೈಯನ್ನು ಎದೆಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ನನ್ನ ಕಾಯಾಕ ಬಂದು ನೀನ ಬಿದ್ದೆಲ್ಲವಾ! ಏಳು, ನಿನ್ನೂ ಇಳಕಲ್ಲಿಗೆ ಕಳಸ್ತಾರ ನೋಡು!"

ಹುಡುಗಿ ಏಳಲಿಲ್ಲ. ಕೂತಲ್ಲಿಂದಲೇ ಬಾಗಿಲ ಕಡೆ ನೋಡಿ ಕೇಳಿದಳು.

"ನಾನೀ, ನಿಮ್ಮ ಹಳೇ ಊರಿನ ಬಚ್ಚಲಕ್ಕೂ ಚಿಲಕಾ ಇತ್ತೇನ್ರಿ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಿಲಕವೆಲ್ಲಿಯದು, ಅವರ ಬಚ್ಚಲಕ್ಕೆ ಬಾಗಿಲೇ ಇರಲಿಲ್ಲ! ನಮ್ಮದಕ್ಕೂ ಇರಲಿಲ್ಲ. ಅಡ್ಡ ಹಗ್ಗ, ಹಗ್ಗದ ಮೇಲೆ ಒಂದು ಹಳೇ ಸೀರೆ. ಸೀರೆ ಇಳಿಬಿಟ್ಟಿದ್ದರೆ ಒಳಗೆ ಹೆಣ್ಣುಮಗಳಿದ್ದಾಳೆಂದು ಅರ್ಥ. ಮೀಸೆ ತಿರುವುವ ಮಾವನೂ ಅದನ್ನು ಕಂಡರೆ ಕೆಮ್ಮಿ ಹಿತ್ತಲಿನಿಂದ ಹಿಂದೆ ತಿರುಗುತ್ತಿದ್ದ. ಅದನ್ನು ಸರಿಸಿದ ಗಂಡಸನ್ನು ನಾನು ಕಂಡಿಲ್ಲ, ಕೇಳಿಯೂ ಇಲ್ಲ. ನವನಗರದ ಮನೆಗಳಿಗೆ ಬಾಗಿಲು, ಚಿಲಕ ಬಂದಮೇಲೆ ಆ ಸೀರೆಯನ್ನೇ ಮರೆತಿದ್ದೆವು.

"ಖರೇನ ಬಾಯಾರ," ಎಂದಳು ಗೆಳತಿ, ನಿಧಾನವಾಗಿ. "ಸೀರಿ ಇದ್ರ ನನಗ ಅಂಜಿಕಿ ಇಲ್ರಿ."

ಅವಳ ಮಗ ಮರುದಿನವೇ ಚಿಲಕ ಬಿಚ್ಚಿ, ಗೋಡೆಗೆ ಹಿಡಿಕೆ ಕೂಡಿಸಿದ. ಮಕ್ಕಳು ಸೋಪು ಹೋಗುವಂತೆ ಕಲ್ಲು ತೊಳೆದು, ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದರು. ಗೆಳತಿ ಕೆಂಪು ಸೆರಗಿನ ಒಂದು ಇಳಕಲ್ ಸೀರೆ ತೆಗೆದುಕೊಟ್ಟಳು. ನೀಲಿ ಒಡಲು ಮಾಸಿದ್ದರೂ ಸೆರಗಿನ ಬಣ್ಣ ಮಾತ್ರ ಹೊಸದರಂತೆ. ಜಳಕದ ಹೊತ್ತೂ ಬದಲಾಯಿತು. ಮಕ್ಕಳು ಶಾಲೆಯಿಂದ ಬಂದ ಮೇಲೆ, ಸಂಜೆ. ನಮ್ಮ ಬಿಸಿಲಿಗೆ ಅದೇ ಹಿತ. ಮೂವರೂ ಪಡಸಾಲೆಯಲ್ಲಿ ಹೋಂವರ್ಕ್ ಹರಡಿಕೊಂಡು ಕೂಡುತ್ತಾರೆ, ನಡುನಡುವೆ 'ನಾನೀ' ಎಂದು ಕೂಗುತ್ತಾರೆ. ಒಳಗಿನಿಂದ 'ಓ' ಬರಬೇಕು. ಬರದಿದ್ದರೆ ಒಬ್ಬಳು ಒಳಗೆ, ಒಬ್ಬಳು ನನ್ನ ಹತ್ತಿರ, ಒಬ್ಬಳು ಅಂಗಡಿಗೆ ಓಡಬೇಕು. ಡ್ಯೂಟಿಯನ್ನು ಅವರೇ ಹಂಚಿಕೊಂಡಿದ್ದಾರೆ. ಫೋಟೋದ ಮಾತು ಯಾರೂ ಎತ್ತಿಲ್ಲ.

ಹೇಳಿದಂತೆ ಮಗಳು ಇಳಕಲ್ಲಿನಿಂದ ಬಂದಳು, ತಾಯಿಯ ಅರಿವೆಗೆಂದು ದೊಡ್ಡ ಖಾಲಿ ಚೀಲ ಹಿಡಿದು. ಅಮ್ಮ ಎಲ್ಲಿ ಎನ್ನುತ್ತ ನೇರ ಬಚ್ಚಲಿನತ್ತ ನಡೆದಳು. ನನ್ನ ಮೊಮ್ಮಗಳು ಪೆನ್ಸಿಲ್ ಹಿಡಿದೇ ಅಡ್ಡ ನಿಂತಳು.

"ಸೀರಿ ಬಿಟ್ಟೈತ್ರಿ ಚಾಚಿ, ಹೋಗೂಹಂಗಿಲ್ಲ. ಇಲ್ಲಿಂದನ ಕರೀರಿ."

"ಅಮ್ಮಾ?"

"ಓ! ಬಂದೇನವಾ? ಚಾಕ್ಕ ನೀರಿಡು. ಬಾಯಾರ ಅದಾರಲ್ಲ, ಅವರಿಗೂ ಸೇರಿಸಿ ಇಡು."

ಮಗಳು ಸೀರೆಯನ್ನು ನೋಡಿದಳು, ಚಿಲಕವಿದ್ದ ಜಾಗದ ತೂತುಗಳನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಹೋಗಿ ಚಹಾಕ್ಕೆ ಇಟ್ಟಳು. ಮರುದಿನ ಆ ಚೀಲ ಮಡಚಿಕೊಂಡು ಒಬ್ಬಳೇ ಬಸ್ಸು ಹತ್ತಿದಳು.

ಅಂದು ಸಂಜೆ ಕಟ್ಟೆಯಿಂದ ಮನೆಗೆ ಬಂದರೆ ಮೊಮ್ಮಗಳು ನಮ್ಮ ಬಚ್ಚಲಮನೆಯ ಮುಂದೆ ಹಗ್ಗ ಹಿಡಿದು ನಿಂತಿದ್ದಾಳೆ.

"ಆಯಿ, ಇನ್ನ ನಿನ್ನ ಚಿಲಕಾ."

"ನೋ, ನೋ. ನನಗೇನಾಗೇದ?"

"ನಾನಿಗೂ ಬೀಳೂಕಿಂತ ಮೊದಲ ಏನೂ ಆಗಿರ್ಲಿಲ್ಲ."

'ಆಲ್ ರೈಟ್, ಮೈ ಡಿಯರ್' ಎಂದೆ. ಟ್ರಂಕಿನಿಂದ ನನ್ನ ಅತ್ತೆಯ ಹಸಿರು ಇಳಕಲ್ ತೆಗೆದೆ. ಮಹಾಕೂಟದ ಗುಡಿಯ ಹೊಂಡದಲ್ಲಿ ಮಿಂದು ಬಂದಾಗ ಅತ್ತೆ ಅದನ್ನೇ ಅಡ್ಡ ಹಿಡಿಯುತ್ತಿದ್ದರು, ಅದರ ಮರೆಯಲ್ಲಿ ನಾನು ಒದ್ದೆ ಸೀರೆ ಬದಲಿಸುತ್ತಿದ್ದೆ. ಮೊಮ್ಮಗಳು ಸ್ಟೂಲು ಹತ್ತಿ ಹಗ್ಗ ಬಿಗಿದಳು, ನಾನು ಸೆರಗನ್ನು ಹೊರಮುಖವಾಗಿ ಇಳಿಬಿಟ್ಟೆ.